ಬೀಗದ ಗುಟ್ಟು ಗುಟ್ಟಾಗಿಯೇ ಇರಬೇಕೆ?

ಪರಸ್ಥಳಕ್ಕೆ ಹೊರಟ ಗೃಹಸ್ಥನು ಬಾಗಿಲೆಳೆದು ಬೀಗ ಹಾಕಿ, ಅದನ್ನು ಎರಡು ಸಲ ಜಗ್ಗಿ ನೋಡಿ, ಬೀಗದ ಕೈಯನ್ನು ಜೇಬಿಗೆ ಸೇರಿಸಿದನೆಂದರೆ ಅವನ ಮನಸ್ಸಿಗೆ ಒಂದು ಬಗೆಯ ನೆಮ್ಮದಿ ಉಂಟಾಗುವುದು. ಈ ನೆಮ್ಮದಿಗೆ ಆಧಾರವೇನು? ಆ ಬೀಗದ ಹೊಟ್ಟೆಯೊಳಗೆ ಏನಿದೆಯೆಂಬುದನ್ನು ಅವನು ಕಂಡವನಲ್ಲ. ಬೀಗವನ್ನು ಹೊತ್ತಿರುವ ಕೊಂಡಿಯ ತಿರುಪುಮೊಳೆಗಳು ಮರದೊಳಕ್ಕೆ ಎಷ್ಟು ಆಳ ಇಳಿದಿವೆಯೆಂಬುದನ್ನು ಅಳೆದವನಲ್ಲ. ತನ್ನ ಬೀಗಕ್ಕೆ ಹೊಂದುವ ಕೈ ಅದೇ ಊರಿನಲ್ಲಿ ಇನ್ನೆಷ್ಟು ಜನರ ಬಳಿ ಇರಬಹುದೆಂದು ಅಂಗಡಿಯವನನ್ನು ಕೇಳಿದವನೂ ಅಲ್ಲ. ಅಕ್ಕಿಯನ್ನು ಕೊಳ್ಳುವಾಗ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ನೋಡುವ ನಾವು ಬೀಗವನ್ನು ಮಾತ್ರ ಕೈಯಲ್ಲಿ ತೂಗಿ, ಹೊಳಪನ್ನು ನೋಡಿ ಕೊಂಡು ತರುವೆವು.

ಇದಕ್ಕೆ ನಮ್ಮ ಆಲಸ್ಯವೊಂದೇ ಕಾರಣವಲ್ಲ. ಬೀಗಗಳ ಬಲಾಬಲವನ್ನು ಕುರಿತು ಬಹಿರಂಗವಾಗಿ ಮಾತನಾಡುವುದು ತರವಲ್ಲವೆಂಬ ಅಭಿಪ್ರಾಯವೊಂದು ಸಮಾಜದಲ್ಲಿ ಬಹುಕಾಲದಿಂದ ನೆಲೆಯೂರಿದೆ. ‘ಇಂಥ ಬೀಗಕ್ಕೆ ಇಂಥ ದೋಷವುಂಟು’ ಎಂದು ಬರೆದರೆ ಕಳ್ಳನಿಗೆ ಪಾಠ ಹೇಳಿಕೊಟ್ಟಂತಾಗುವುದಿಲ್ಲವೆ ಎಂದು ಹಿರಿಯರು ಕೇಳುವರು. ಮೇಲುನೋಟಕ್ಕೆ ಈ ಮಾತು ನ್ಯಾಯವಾಗಿಯೇ ತೋರುತ್ತದೆ. ಆದರೆ ವಿಚಾರಮಾಡಿ ನೋಡಿದಲ್ಲಿ ಈ ಮೌನದಿಂದ ಲಾಭ ಪಡೆಯುವವನು ಕಳ್ಳನೇ ಹೊರತು ಮನೆಯವನಲ್ಲ ಎಂಬುದು ಈ ಲೇಖಕನ ಅಭಿಪ್ರಾಯ. ಅದು ಹೇಗೆಂಬುದನ್ನು ಇಲ್ಲಿ ಸಕಾರಣವಾಗಿ ನಿರೂಪಿಸಲು ಯತ್ನಿಸಲಾಗಿದೆ.

ಕಳ್ಳನು ಬಲ್ಲ, ಮನೆಯವನು ಅರಿಯ

ಶೂದ್ರಕನ ‘ಮೃಚ್ಛಕಟಿಕ’ ನಾಟಕದ ಮೂರನೆಯ ಅಂಕವನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಓದಿರಬಹುದು. ಶರ್ವಿಲಕನೆಂಬವನು ಚಾರುದತ್ತನ ಮನೆಗೆ ಕನ್ನ ಹಾಕಲು ಬರುವ ಸಂದರ್ಭವದು. ಅವನು ಮೊದಲು ಗೋಡೆಯನ್ನು ಪರೀಕ್ಷಿಸುತ್ತಾನೆ. ದಿನವೂ ನೀರು ಬಿದ್ದು ನೆನೆದ ಸ್ಥಳ ಯಾವುದು, ಉಪ್ಪು ಹತ್ತಿ ಸವೆದ ಭಾಗ ಯಾವುದು, ಇಲಿ ತೋಡಿದ ಮಣ್ಣು ಎಲ್ಲಿ ಬಿದ್ದಿದೆ ಎಂದು ಹುಡುಕುತ್ತಾನೆ. ಸುಟ್ಟ ಇಟ್ಟಿಗೆಯಾದರೆ ಎಳೆದು ತೆಗೆಯಬೇಕು, ಹಸಿ ಇಟ್ಟಿಗೆಯಾದರೆ ಕತ್ತರಿಸಬೇಕು, ಮಣ್ಣುಮುದ್ದೆಯ ಗೋಡೆಯಾದರೆ ನೆನೆಸಬೇಕು, ಮರವಾದರೆ ಸೀಳಬೇಕು ಎಂದು ಒಂದೊಂದನ್ನೂ ಶಾಸ್ತ್ರೋಕ್ತವಾಗಿ ವಿವೇಚಿಸುತ್ತಾನೆ. ನಾಟಕಕಾರನು ಇದನ್ನು ಹಾಸ್ಯಕ್ಕಾಗಿ ಬರೆದಿರಬಹುದು. ಆದರೆ ಅದರಲ್ಲಿರುವ ವಿಜ್ಞಾನವು ನಿಜವಾದ ವಿಜ್ಞಾನ. ಕಟ್ಟಡದ ದ್ರವ್ಯಗಳ ಗುಣ, ತೇವದಿಂದ ಅವಕ್ಕೆ ಉಂಟಾಗುವ ಹಾನಿ, ಬಲಹೀನವಾದ ತಾಣವನ್ನು ಗುರುತಿಸುವ ಬಗೆ, ಇವೆಲ್ಲವೂ ಅಲ್ಲಿವೆ. ಇಷ್ಟನ್ನೂ ಬಲ್ಲವನು ಹೊರಗೆ ನಿಂತಿದ್ದಾನೆ. ತನ್ನ ಗೋಡೆಗೆ ಉಪ್ಪು ಹತ್ತಿದೆಯೆಂಬುದನ್ನು ಕೂಡ ಅರಿಯದ ಮನೆಯವನು ಒಳಗೆ ಮಲಗಿ ನಿದ್ರಿಸುತ್ತಿದ್ದಾನೆ. ನೂರಾರು ವರ್ಷಗಳ ಬಳಿಕವೂ ಈ ಪರಿಸ್ಥಿತಿ ಅಷ್ಟಾಗಿ ಬದಲಾಗಿಲ್ಲ.

ಇಂಥ ವಿಷಯಗಳನ್ನು ಮುದ್ರಿಸಬಾರದೆನ್ನುವವರು ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ೧೮೬೦ರಲ್ಲಿ ಅಂಗೀಕೃತವಾದ ಭಾರತೀಯ ದಂಡ ಸಂಹಿತೆಯ ೪೪೫ನೆಯ ಪ್ರಕರಣವು ಮನೆಗೆ ಕನ್ನ ಹಾಕುವ ಅಪರಾಧವನ್ನು ವಿವರಿಸುತ್ತ, ಒಳನುಗ್ಗುವ ಆರು ವಿಧಗಳನ್ನು ಎಣಿಸಿ ಹೇಳಿತ್ತು. ಗೋಡೆಯಲ್ಲಿ ರಂಧ್ರ ಕೊರೆದು ಕೈ ತೂರಿಸುವವನು, ಬಾಗಿಲಿನ ಕಂಡಿಯಲ್ಲಿ ತಂತಿಯನ್ನು ತೂರಿಸಿ ಒಳಗಿನ ಚಿಲಕವನ್ನು ಎತ್ತುವವನು, ಮನೆಯವನು ಕಳೆದುಕೊಂಡ ಬೀಗದ ಕೈ ಸಿಕ್ಕಲಾಗಿ ಅದರಿಂದಲೇ ಬಾಗಿಲು ತೆರೆಯುವವನು, ಇಂಥವರೆಲ್ಲರ ದೃಷ್ಟಾಂತಗಳು ಅಲ್ಲಿದ್ದುವು. ೨೦೨೪ರ ಜುಲೈ ೧ರಿಂದ ಆ ಸಂಹಿತೆಯ ಸ್ಥಾನಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಒಂದೂವರೆ ಶತಮಾನಕ್ಕೂ ಮಿಗಿಲಾಗಿ ದೇಶದ ಕಾನೂನೇ ಅಚ್ಚು ಹಾಕಿ ಮಾರಿದ ವಿಷಯವನ್ನು ಗುಟ್ಟೆಂದು ಕರೆಯುವುದು ಹೇಗೆ? ನ್ಯಾಯಾಧೀಶನು ಬಲ್ಲನು, ವಕೀಲನು ಬಲ್ಲನು, ಅಪರಾಧಿಯು ಬಲ್ಲನು. ಅದನ್ನು ಓದುವ ಗೊಡವೆಗೆ ಹೋಗದವನು ಮನೆಯ ಯಜಮಾನನೊಬ್ಬನೇ.

ಪಿನ್ನುಬೀಗದ ಗಣಿತ

ಬೀಗದ ಒಳಗನ್ನು ಒಮ್ಮೆ ನೋಡೋಣ. ಇಂದು ಮನೆಗಳಲ್ಲಿ ಬಹಳವಾಗಿ ಬಳಕೆಯಲ್ಲಿರುವುದು ಪಿನ್ನುಬೀಗ. ಅದರ ಮೂಲತತ್ತ್ವವು ಈಜಿಪ್ಟ್ ಮೊದಲಾದ ದೇಶಗಳ ಪುರಾತನವಾದ ಮರದ ಬೀಗಗಳಲ್ಲಿಯೇ ಕಂಡುಬರುತ್ತದೆ. ಅದಕ್ಕೆ ಇಂದಿನ ಅಡಕವಾದ ರೂಪವನ್ನು ಕೊಟ್ಟು ೧೮೬೧ ಮತ್ತು ೧೮೬೫ರಲ್ಲಿ ಪೇಟೆಂಟ್ ಪಡೆದವನು ಅಮೆರಿಕದ ಕಿರಿಯ ಲೈನಸ್ ಯೇಲ್.

ಈ ಬೀಗದಲ್ಲಿ ಒಂದು ಕವಚವೂ ಅದರೊಳಗೆ ತಿರುಗಬಲ್ಲ ಒಂದು ಉರುಳೆಯೂ ಇರುತ್ತವೆ. ಕವಚದಿಂದ ಉರುಳೆಯವರೆಗೆ ಐದೋ ಆರೋ ರಂಧ್ರಗಳು ಸಾಲಾಗಿ ಇಳಿದಿರುತ್ತವೆ. ಪ್ರತಿಯೊಂದು ರಂಧ್ರದಲ್ಲಿಯೂ ಒಂದರ ಮೇಲೊಂದರಂತೆ ಎರಡು ಪಿನ್ನುಗಳಿದ್ದು, ಮೇಲಿನಿಂದ ಒಂದು ಸ್ಪ್ರಿಂಗು ಅವುಗಳನ್ನು ಕೆಳಕ್ಕೆ ಒತ್ತುತ್ತಿರುತ್ತದೆ. ಬೀಗದ ಕೈ ಇಲ್ಲದಿರುವಾಗ ಮೇಲಿನ ಪಿನ್ನು ಅರ್ಧ ಕವಚದಲ್ಲಿಯೂ ಅರ್ಧ ಉರುಳೆಯಲ್ಲಿಯೂ ನಿಂತು, ಅಗಳಿಯಂತೆ ಅಡ್ಡಗಟ್ಟಿ, ಉರುಳೆ ತಿರುಗದಂತೆ ತಡೆಯುತ್ತದೆ. ಸರಿಯಾದ ಕೈಯನ್ನು ತೂರಿಸಿದಾಗ ಅದರ ಹಲ್ಲುಗಳು ಒಂದೊಂದು ಜೋಡಿಯನ್ನೂ ತಕ್ಕಷ್ಟೇ ಎತ್ತುತ್ತವೆ. ಎರಡು ಪಿನ್ನುಗಳು ಕೂಡುವ ಎಡೆಯು ಉರುಳೆಯ ಅಂಚಿಗೆ ಸರಿಯಾಗಿ ಬಂದು ನಿಲ್ಲುತ್ತದೆ. ಐದೂ ಜೋಡಿಗಳು ಹೀಗೆ ಒಟ್ಟಿಗೆ ಹೊಂದಿಕೊಂಡರೆ ಮಾತ್ರ ಉರುಳೆ ತಿರುಗುವುದು. ಹಲ್ಲು ಸ್ವಲ್ಪ ಹೆಚ್ಚಾದರೂ ಕೆಳಗಿನ ಪಿನ್ನು ಅಡ್ಡ ಬರುವುದು. ಸ್ವಲ್ಪ ಕಡಮೆಯಾದರೂ ಮೇಲಿನದು.

ಒಂದೊಂದು ಪಿನ್ನಿಗೂ ಆರು ಬೇರೆ ಬೇರೆ ಎತ್ತರಗಳಿರಬಹುದೆಂದು ಭಾವಿಸಿದರೆ ಐದು ಪಿನ್ನುಗಳ ಬೀಗದಲ್ಲಿ ಆರನ್ನು ಐದು ಸಲ ಗುಣಿಸಿದಷ್ಟು, ಎಂದರೆ ೭,೭೭೬ ಬಗೆಯ ಬೀಗದ ಕೈಗಳು ಸಾಧ್ಯ. ತೀರ ಎತ್ತರದ ಹಲ್ಲಿನ ಪಕ್ಕದಲ್ಲಿಯೇ ತೀರ ತಗ್ಗಾದ ಹಲ್ಲು ಬರುವಂತಿಲ್ಲವಾದುದರಿಂದ ಇವುಗಳಲ್ಲಿ ಕೆಲವನ್ನು ಬಿಟ್ಟುಬಿಡಬೇಕಾಗುತ್ತದೆ. ಹಾಗಿದ್ದರೂ ಈ ಸಂಖ್ಯೆ ಸಣ್ಣದಲ್ಲ. ಹೀಗಿರುವಲ್ಲಿ ಅಪರಿಚಿತನಾದವನು ಒಂದೊಂದೇ ಕೈಯನ್ನು ಹಾಕಿ ನೋಡುತ್ತ ನಿಲ್ಲುವುದು ಅಸಾಧ್ಯವೆಂದು ನಾವು ನಂಬಿರುವೆವು.

ಆದರೆ ಈ ಲೆಕ್ಕವು ಕಾಗದದ ಮೇಲಿನ ಆದರ್ಶ ಬೀಗಕ್ಕೆ ಸಂಬಂಧಿಸಿದುದು. ಕಾರ್ಖಾನೆಯಲ್ಲಿ ತಯಾರಾದ ಬೀಗದ ರಂಧ್ರಗಳು ಕೂದಲೆಳೆಯಷ್ಟಾದರೂ ಅತ್ತಿತ್ತ ಸರಿದಿರುತ್ತವೆ. ಆದುದರಿಂದ ಉರುಳೆಯನ್ನು ತಿರುಗಿಸಲು ಯತ್ನಿಸಿದಾಗ ಐದು ಪಿನ್ನುಗಳೂ ಏಕಕಾಲದಲ್ಲಿ ತಡೆಯೊಡ್ಡುವುದಿಲ್ಲ. ಒಂದಾದ ಮೇಲೊಂದರಂತೆ ಒಡ್ಡುತ್ತವೆ. ಐದು ಶತ್ರುಗಳನ್ನು ಒಟ್ಟಿಗೆ ಗೆಲ್ಲುವುದು ಕಷ್ಟ. ಒಬ್ಬೊಬ್ಬನನ್ನೇ ಗೆಲ್ಲುವುದು ಸುಲಭ. ಇಲ್ಲಿ ಗುಣಾಕಾರವು ಸಂಕಲನವಾಗಿಬಿಡುತ್ತದೆ. ಆರನ್ನು ಐದು ಸಲ ಗುಣಿಸಿದರೆ ೭,೭೭೬. ಆರನ್ನು ಐದು ಸಲ ಕೂಡಿಸಿದರೆ ಕೇವಲ ೩೦. ನುರಿತ ಬೀಗದ ಕೆಲಸಗಾರನು ಬೀಗದ ಕೈ ಕಳೆದುಹೋದ ಮನೆಯ ಬಾಗಿಲನ್ನು ಕೆಲವು ನಿಮಿಷಗಳಲ್ಲಿ ತೆರೆದುಕೊಡುವುದರ ಮರ್ಮವಿದು. ಬೀಗದ ಬೆಲೆಯು ಅದರ ಭಾರದಲ್ಲಿಲ್ಲ, ಅದರ ತಯಾರಿಕೆಯ ನಿಖರತೆಯಲ್ಲಿದೆ ಎಂಬ ತಿಳಿವಳಿಕೆಯು ಇಷ್ಟು ಗಣಿತದಿಂದಲೇ ನಮಗೆ ಲಭಿಸುತ್ತದೆ. ಈ ಗಣಿತವು ಪ್ರೌಢಶಾಲೆಯ ವಿದ್ಯಾರ್ಥಿಯ ಶಕ್ತಿಗೆ ಮೀರಿದುದಲ್ಲ.

೧೮೫೧ರ ಪಾಠ

ಬೀಗದ ದೋಷವನ್ನು ಬಹಿರಂಗಪಡಿಸುವುದು ಹಿತವೋ ಅಹಿತವೋ ಎಂಬ ಪ್ರಶ್ನೆಯು ೧೮೫೧ರಲ್ಲಿ ಲಂಡನ್ನಿನಲ್ಲಿ ದೊಡ್ಡ ವಾದಕ್ಕೆ ಎಡೆಕೊಟ್ಟಿತು. ಆ ವರ್ಷ ಅಲ್ಲಿ ಸರ್ವರಾಷ್ಟ್ರಗಳ ಮಹಾಪ್ರದರ್ಶನ ನಡೆಯಿತು. ಇಂಗ್ಲೆಂಡಿನ ಎರಡು ಬೀಗಗಳು ಆ ಕಾಲದಲ್ಲಿ ಅಭೇದ್ಯವೆಂದು ಹೆಸರಾಗಿದ್ದುವು. ಒಂದು, ಜೋಸೆಫ್ ಬ್ರಾಮಾ ಎಂಬಾತನು ೧೭೮೪ರಲ್ಲಿ ಪೇಟೆಂಟ್ ಪಡೆದ ಬೀಗ. ಇದನ್ನು ಬೀಗದ ಕೈ ಇಲ್ಲದೆ ತೆರೆಯುವ ಉಪಕರಣವನ್ನು ಮಾಡಬಲ್ಲವನಿಗೆ ಇನ್ನೂರು ಗಿನಿಗಳ ಬಹುಮಾನವೆಂಬ ಫಲಕವನ್ನು ಬ್ರಾಮಾ ಅಂಗಡಿಯವರು ತಮ್ಮ ಕಿಟಕಿಯಲ್ಲಿ ದಶಕಗಳ ಕಾಲ ಪ್ರದರ್ಶಿಸಿದ್ದರು. ಇನ್ನೊಂದು, ಜೆರೆಮಿಯಾ ಚಬ್ ೧೮೧೮ರಲ್ಲಿ ನಿರ್ಮಿಸಿದ ಬೀಗ. ಯಾರಾದರೂ ಅದನ್ನು ಕೆದಕಿದರೆ ಅದರ ಒಂದು ಅಂಗ ಸಿಕ್ಕಿಕೊಂಡು, ಮನೆಯವನು ಮರಳಿ ಬಂದಾಗ ‘ಯಾರೋ ಯತ್ನಿಸಿದ್ದಾರೆ’ ಎಂಬುದನ್ನು ತಿಳಿಸುತ್ತಿತ್ತು.

ಅಮೆರಿಕದ ಆಲ್ಫ್ರೆಡ್ ಚಾರ್ಲ್ಸ್ ಹಾಬ್ಸ್ ಎಂಬ ಬೀಗತಜ್ಞನು ಸಾಕ್ಷಿಗಳ ಸಮಕ್ಷಮದಲ್ಲಿ ಚಬ್ ಬೀಗವನ್ನು ಸುಮಾರು ೨೫ ನಿಮಿಷಗಳಲ್ಲಿ ತೆರೆದು ತೋರಿಸಿದನು. ಅನಂತರ ಬ್ರಾಮಾ ಬೀಗಕ್ಕೆ ಕೈಹಾಕಿ, ಹದಿನಾರು ದಿನಗಳಲ್ಲಿ ಒಟ್ಟು ೫೧ ಗಂಟೆಗಳ ಕಾಲ ಶ್ರಮಿಸಿ ಅದನ್ನೂ ತೆರೆದನು. ಇನ್ನೂರು ಗಿನಿಗಳು ಅವನಿಗೆ ಸಂದುವು. ಪತ್ರಿಕೆಗಳಲ್ಲಿ ಕೋಲಾಹಲವೆದ್ದಿತು. ಹಾಬ್ಸನು ಜನರ ನಂಬಿಕೆಯನ್ನು ಕೆಡಿಸಿದನೆಂದೂ ದುಷ್ಟರಿಗೆ ದಾರಿ ತೋರಿಸಿದನೆಂದೂ ಕೆಲವರು ದೂರಿದರು. ಹಾಬ್ಸನು ಒದಗಿಸಿದ ಸಾಮಗ್ರಿಯಿಂದ ಚಾರ್ಲ್ಸ್ ಟಾಮ್ಲಿನ್‌ಸನ್ ಸಂಪಾದಿಸಿ ೧೮೫೩ರಲ್ಲಿ ಹೊರತಂದ ಬೀಗಗಳ ಗ್ರಂಥದಲ್ಲಿ ಈ ದೂರಿಗೆ ಉತ್ತರವಿದೆ. ಕಳ್ಳರು ತಮ್ಮ ಕಸಬಿನಲ್ಲಿ ಬಹು ಶ್ರದ್ಧೆಯುಳ್ಳವರು, ನಾವು ಅವರಿಗೆ ಕಲಿಸಬಲ್ಲುದಕ್ಕಿಂತ ಹೆಚ್ಚನ್ನು ಅವರು ಆಗಲೇ ಬಲ್ಲರು ಎಂಬುದು ಅದರ ತಾತ್ಪರ್ಯ.

ಆಮೇಲೆ ನಡೆದುದೇನು? ಆ ಬೀಗಗಳನ್ನು ತಯಾರಿಸುತ್ತಿದ್ದವರು ಅವುಗಳ ರಚನೆಯನ್ನು ತಿದ್ದಿ ಉತ್ತಮಪಡಿಸಿದರು. ಅಭೇದ್ಯವೆಂಬ ಕೀರ್ತಿಯ ನೆರಳಿನಲ್ಲಿ ದಶಕಗಳ ಕಾಲ ನಿದ್ರಿಸುತ್ತಿದ್ದ ಕಸಬು ಒಂದು ಬೇಸಗೆಯಲ್ಲಿ ಎಚ್ಚತ್ತಿತು. ಹಾಬ್ಸನು ಸುಮ್ಮನಿದ್ದಿದ್ದರೆ ಬೀಗಗಳ ದೋಷವು ಇಲ್ಲದಾಗುತ್ತಿರಲಿಲ್ಲ. ಅದನ್ನು ತಿದ್ದುವ ಪ್ರಯತ್ನ ಮಾತ್ರ ಇಲ್ಲದಾಗುತ್ತಿತ್ತು.

ಇದೇ ತತ್ತ್ವವನ್ನು ೧೮೮೩ರಲ್ಲಿ ಆಗಸ್ಟ್ ಕೆರ್ಕ್‌ಹಾಫ್ಸ್ ಎಂಬ ಭಾಷಾವಿದ್ವಾಂಸನು ಸೈನ್ಯದ ಗುಪ್ತಲಿಪಿಗಳಿಗೆ ಅನ್ವಯಿಸಿ, ಒಂದು ನಿಯಮವಾಗಿ ಹೇಳಿದನು. ಗುಪ್ತಲಿಪಿಯ ವಿಧಾನವು ಶತ್ರುವಿನ ಕೈಗೆ ಸಿಕ್ಕಿದರೂ ಕೇಡಾಗಬಾರದು. ಅದರ ರಕ್ಷಣೆಯೆಲ್ಲವೂ ಕೀಲಿಯಲ್ಲಿ ಮಾತ್ರ ಅಡಗಿರಬೇಕು. ಕೀಲಿಯು ಶತ್ರುವಿಗೆ ಸಿಕ್ಕಿತೆಂದು ಸಂದೇಹ ಬಂದರೆ ಅದನ್ನು ಬದಲಾಯಿಸಬಹುದು. ಇಡೀ ವಿಧಾನವನ್ನೇ ಬದಲಾಯಿಸುವುದು ಸುಲಭವಲ್ಲ. ಇಂದು ಬ್ಯಾಂಕುಗಳ ವ್ಯವಹಾರವನ್ನು ಕಾಯುತ್ತಿರುವ ಗಣಕಯಂತ್ರದ ಸಂಕೇತವಿಧಾನಗಳು ಲೋಕಕ್ಕೆಲ್ಲ ಪ್ರಕಟವಾಗಿವೆ; ಸಾವಿರಾರು ತಜ್ಞರು ಅವುಗಳಲ್ಲಿ ದೋಷ ಹುಡುಕಲು ಯತ್ನಿಸಿ ಸೋತಿರುವುದರಿಂದಲೇ ಅವು ವಿಶ್ವಾಸಕ್ಕೆ ಪಾತ್ರವಾಗಿವೆ. ಮನೆಯ ಬೀಗಕ್ಕೂ ಇದೇ ನ್ಯಾಯ ಸಲ್ಲುತ್ತದೆ. ತನ್ನ ರಚನೆಯನ್ನು ಯಾರೂ ತಿಳಿಯಬಾರದೆನ್ನುವ ಬೀಗವು ತನ್ನ ದೌರ್ಬಲ್ಯವನ್ನು ತಾನೇ ಒಪ್ಪಿಕೊಂಡಂತೆ.

ಮೌನದ ಫಲ

ವಿದ್ಯಾರ್ಥಿನಿಲಯಗಳಲ್ಲಿ ವಾಸಿಸುವ ಓದುಗರಿಗೆ ಹತ್ತಿರದ ಉದಾಹರಣೆಯೊಂದುಂಟು. ದೊಡ್ಡ ಕಟ್ಟಡಗಳಲ್ಲಿ ಒಂದೊಂದು ಕೋಣೆಗೂ ಬೇರೆ ಬೇರೆ ಕೈಗಳಿದ್ದು, ಎಲ್ಲ ಕೋಣೆಗಳನ್ನೂ ತೆರೆಯಬಲ್ಲ ಒಂದು ಪ್ರಧಾನ ಕೈ ಮೇಲ್ವಿಚಾರಕರ ಬಳಿ ಇರುವ ಏರ್ಪಾಡು ಹಲವೆಡೆ ಇದೆ. ಇಂಥ ಏರ್ಪಾಡಿನಲ್ಲಿ ಒಂದು ಕೋಣೆಯ ಬೀಗವನ್ನೂ ಅದರ ಕೈಯನ್ನೂ ಉಳ್ಳವನು ಕೆಲವೇ ಪ್ರಯತ್ನಗಳಿಂದ ಪ್ರಧಾನ ಕೈಯ ರೂಪವನ್ನು ಕಂಡುಹಿಡಿಯಬಹುದೆಂದು ಅಮೆರಿಕದ ಗಣಕವಿಜ್ಞಾನಿ ಮ್ಯಾಟ್ ಬ್ಲೇಜ್ ೨೦೦೩ರಲ್ಲಿ ಪ್ರಬಂಧವೊಂದರಲ್ಲಿ ತೋರಿಸಿದನು. ಇಲ್ಲಿಯೂ ಗುಣಾಕಾರವು ಸಂಕಲನವಾಗುವ ಗಣಿತವೇ ಕೆಲಸ ಮಾಡುತ್ತದೆ. ಬೀಗದ ಕಸಬಿನವರಲ್ಲಿ ಅನೇಕರು ಸಿಟ್ಟಾದರು. ಅವರ ಆಕ್ಷೇಪಣೆಗಳಲ್ಲಿ ವಿಚಿತ್ರವಾದುದೊಂದಿತ್ತು: ಈ ಸಂಗತಿ ತಮಗೆ ಮೊದಲೇ ಗೊತ್ತಿತ್ತು, ಅದನ್ನು ಹೊರಗೆ ಹೇಳಬಾರದಾಗಿತ್ತು ಎಂಬುದು. ಹಾಗಾದರೆ ಇಷ್ಟು ಕಾಲವೂ ಅದನ್ನು ತಿಳಿಯದೆ, ತಮ್ಮ ಕೋಣೆ ಭದ್ರವೆಂದು ನಂಬಿ ಮಲಗಿದವರು ಯಾರು? ಬಾಡಿಗೆ ತೆತ್ತು ಅಲ್ಲಿ ವಾಸಿಸುತ್ತಿದ್ದವರು! ಆ ಮೌನವು ಯಾರ ಹಿತಕ್ಕಾಗಿ ಇತ್ತೆಂಬುದನ್ನು ವಾಚಕರೇ ನಿರ್ಣಯಿಸಲಿ.

ಈಗ ಅನೇಕರು ಬೀಗದ ಜೊತೆಗೆ ಕ್ಯಾಮರಾಗಳನ್ನೂ ಮನೆಗೆ ಕಟ್ಟಿಸಿಕೊಳ್ಳುತ್ತಿದ್ದಾರೆ. ಕಾರ್ಖಾನೆಯಿಂದ ಬರುವಾಗ ಇವುಗಳಲ್ಲಿ ಹಲವಕ್ಕೆ ಒಂದೇ ಬಗೆಯ ಸಂಕೇತಪದವಿರುತ್ತದೆ. ಕೊಂಡವನು ಅದನ್ನು ಬದಲಾಯಿಸುವುದಿಲ್ಲ. ಬದಲಾಯಿಸಬೇಕೆಂದು ಅವನಿಗೆ ಯಾರೂ ಹೇಳಿರುವುದಿಲ್ಲ. ೨೦೧೬ರಲ್ಲಿ ‘ಮಿರಾಯ್’ ಎಂಬ ದುಷ್ಟ ತಂತ್ರಾಂಶವು ಇಂಥ ಸುಮಾರು ಅರವತ್ತು ಜೋಡಿ ಹೆಸರು ಮತ್ತು ಸಂಕೇತಪದಗಳ ಪಟ್ಟಿಯನ್ನು ಹಿಡಿದು ಲಕ್ಷಾಂತರ ಕ್ಯಾಮರಾ ಮೊದಲಾದ ಉಪಕರಣಗಳೊಳಗೆ ನುಸುಳಿತು. ಅದೇ ವರ್ಷ ಅಕ್ಟೋಬರ್ ೨೧ರಂದು ಈ ಉಪಕರಣಗಳ ಪಡೆಯನ್ನು ಬಳಸಿ ‘ಡೈನ್’ ಎಂಬ ಅಂತರಜಾಲ ಸಂಸ್ಥೆಯ ಮೇಲೆ ದಾಳಿ ನಡೆದಾಗ ಪ್ರಸಿದ್ಧ ಜಾಲತಾಣಗಳು ಅನೇಕ ಗಂಟೆಗಳ ಕಾಲ ಜನರಿಗೆ ದೊರೆಯದಾದುವು. ಮನೆಯ ಕಾವಲಿಗೆಂದು ತಂದ ಕಣ್ಣು ಪರರ ಕೈವಶವಾಯಿತು. ಸಾವಿರ ಮನೆಗಳಿಗೆ ಒಂದೇ ಬೀಗದ ಕೈಯನ್ನು ಕೊಟ್ಟು ಆ ಸಂಗತಿಯನ್ನು ಹೇಳದೆ ಇದ್ದುದರ ಫಲವಿದು.

ಬೀಗವೊಂದೇ ಮನೆಯಲ್ಲ

ದೋಷವನ್ನು ಬಿಚ್ಚಿ ನೋಡುವ ಅಭ್ಯಾಸವು ಬೀಗಕ್ಕೆ ಮುಗಿಯಬಾರದು. ಸರಪಳಿಯ ಬಲವು ಅದರ ಅತ್ಯಂತ ದುರ್ಬಲವಾದ ಕೊಂಡಿಯ ಬಲಕ್ಕಿಂತ ಹೆಚ್ಚಾಗಲಾರದು. ಶರ್ವಿಲಕನು ಉಪ್ಪು ಹತ್ತಿದ ಗೋಡೆಯನ್ನು ಹುಡುಕಿದಂತೆ ಇಂದಿನವನೂ ಸುಲಭವಾದ ದಾರಿಯನ್ನೇ ಹುಡುಕುವನು. ಬೀಗವನ್ನು ನಯವಾಗಿ ತೆರೆಯುವ ಸಹನೆ ಅವನಿಗೇಕೆ? ಅರ್ಕಿಮಿಡೀಸನ ಸನ್ನೆಗೋಲು ಅವನ ಕೈಯಲ್ಲಿದೆ. ಕಬ್ಬಿಣದ ಹಾರೆಯೊಂದರ ಆಧಾರಬಿಂದುವಿನಿಂದ ಬಾಗಿಲಿನ ಕಡೆಯ ತುದಿಗೆ ೫ ಸೆಂಟಿಮೀಟರೂ ಕೈಹಿಡಿಯ ಕಡೆಗೆ ೧ ಮೀಟರೂ ಇದ್ದರೆ ಬಲವು ಇಪ್ಪತ್ತು ಮಡಿಯಾಗುವುದು. ೩೦ ಕಿಲೋಗ್ರಾಂ ಭಾರದಷ್ಟು ಒತ್ತಿದರೆ ಇನ್ನೊಂದು ತುದಿಯಲ್ಲಿ ೬೦೦ ಕಿಲೋಗ್ರಾಂ ಭಾರದಷ್ಟು ಬಲ ಬೀಳುವುದು. ಅಂಗುಲವೂ ಉದ್ದವಿಲ್ಲದ ಮೊಳೆಗಳಿಂದ ಮೆದುಮರಕ್ಕೆ ಸಿಕ್ಕಿಸಿದ ಕೊಂಡಿಯು ಇದನ್ನು ತಾಳಲಾರದು. ಸಾವಿರಾರು ರೂಪಾಯಿಯ ಬೀಗವು ಕೊಂಚವೂ ಮುರಿಯದೆ, ತನ್ನ ಕೊಂಡಿಯೊಡನೆ ನೆಲಕ್ಕೆ ಬಿದ್ದಿರುವುದು.

ಆದುದರಿಂದ ಮನೆಯ ಸುತ್ತ ಒಮ್ಮೆ ಪರೀಕ್ಷಕನ ದೃಷ್ಟಿಯಿಂದ ನಡೆದು ಬರಬೇಕು. ಕೊಂಡಿಯನ್ನು ಬಾಗಿಲಿನ ಹಲಗೆಯ ಆಚೆಗೆ ಹೊರಡುವ ಬೋಲ್ಟಿನಿಂದ ಬಿಗಿದು ಒಳಗಡೆ ನಟ್ಟು ಹಾಕಿದ್ದರೆ ಅದನ್ನು ಕೀಳುವುದು ಕಷ್ಟ. ಅದಕ್ಕೆ ತಗಲುವ ವೆಚ್ಚ ಅತ್ಯಲ್ಪ. ಮುಂಬಾಗಿಲು ತೇಗದ್ದಾಗಿದ್ದು ಹಿತ್ತಿಲ ಬಾಗಿಲು ತೆಳುಹಲಗೆಯದಾಗಿದ್ದರೆ ಆ ಮನೆಯ ಬಲವು ಹಿತ್ತಿಲ ಬಾಗಿಲಿನಷ್ಟೇ. ಕಿಟಕಿಯ ಸರಳುಗಳು ಚೌಕಟ್ಟಿನೊಳಕ್ಕೆ ಹುದುಗಿವೆಯೋ ಮೇಲಿನಿಂದ ಮೊಳೆ ಹೊಡೆದಿವೆಯೋ ನೋಡಬೇಕು. ಹೊಸದಾಗಿ ಬಾಡಿಗೆಗೆ ಬಂದವರು ಹಿಂದಿನ ಬಾಡಿಗೆದಾರರ ಬಳಿ ಎಷ್ಟು ಕೈಗಳು ಉಳಿದಿರಬಹುದೆಂದು ಯೋಚಿಸಿ ಬೀಗವನ್ನೋ ಅದರ ಉರುಳೆಯನ್ನೋ ಬದಲಾಯಿಸುವುದು ಯುಕ್ತ. ಹೂವಿನ ಕುಂಡದ ಅಡಿಯಲ್ಲಿಯೂ ಬಾಗಿಲ ಚೌಕಟ್ಟಿನ ಮೇಲೆಯೂ ಬೀಗದ ಕೈಯನ್ನು ಅಡಗಿಸುವವರು ತಾವು ಮಾತ್ರವೇ ಈ ಉಪಾಯವನ್ನು ಕಂಡುಹಿಡಿದೆವೆಂದು ಭಾವಿಸಬಾರದು.

ಯಾವ ಬೀಗವೂ ಎಂದೆಂದಿಗೂ ತಡೆಯಲಾರದು. ಬೀಗವು ಕೊಡುವುದು ಕಾಲಾವಕಾಶವನ್ನು. ಬ್ರಾಮಾ ಬೀಗ ೫೧ ಗಂಟೆಗಳನ್ನು ಕೊಟ್ಟಿತು, ಚಬ್ ಬೀಗ ೨೫ ನಿಮಿಷಗಳನ್ನು. ಅಮೆರಿಕದ ಅಂಡರ್‌ರೈಟರ್ಸ್ ಲ್ಯಾಬೊರೇಟರೀಸ್ ಎಂಬ ಪರೀಕ್ಷಾ ಸಂಸ್ಥೆಯು ತಿಜೋರಿಗಳನ್ನು ಉಪಕರಣಗಳಿಂದ ಒಡೆಯಲು ಯತ್ನಿಸಿ, ಅವು ಎಷ್ಟು ನಿಮಿಷ ತಾಳಿದುವೆಂಬುದರ ಮೇಲೆ ‘೧೫’, ‘೩೦’ ಎಂದು ದರ್ಜೆ ಕೊಡುತ್ತದೆ. ಇದು ಪ್ರಾಮಾಣಿಕವಾದ ಭಾಷೆ. ಆದರೆ ಕಾಲಾವಕಾಶ ದೊರೆತು ಫಲವೇನು, ಆ ಕಾಲದಲ್ಲಿ ಯಾರೂ ನೋಡದಿದ್ದರೆ? ಬಾಗಿಲ ಮುಂದೆ ದೀಪ, ಮರೆಯಿಲ್ಲದ ಅಂಗಳ, ಶಬ್ದ ಕೇಳಿದರೆ ಹೊರಗೆ ಬಂದು ನೋಡುವ ನೆರೆಯವರು, ಇವು ಕಬ್ಬಿಣಕ್ಕಿಂತ ಕಡಮೆಯಾದ ರಕ್ಷಣೆಯಲ್ಲ. ಹೊರಗಡೆ ತೂಗುತ್ತಿರುವ ಬೀಗವು ‘ಮನೆಯಲ್ಲಿ ಯಾರೂ ಇಲ್ಲ’ ಎಂದು ಬೀದಿಗೆಲ್ಲ ಸಾರುವುದು; ಬಾಗಿಲೊಳಗೆ ಹುದುಗಿದ ಬೀಗವು ಹಾಗೆ ಸಾರುವುದಿಲ್ಲ. ದೀರ್ಘಕಾಲ ಊರಿಗೆ ಹೋಗುವಾಗ ನೆರೆಯವರಿಗೂ ಪೊಲೀಸು ಠಾಣೆಗೂ ತಿಳಿಸಿಹೋಗುವುದು ಒಳ್ಳೆಯ ಪದ್ಧತಿ.

ಭದ್ರತೆಯ ಉತ್ಸಾಹದಲ್ಲಿ ಮರೆಯಬಾರದ ಮಾತೊಂದಿದೆ. ಹೊರಗಿನವನು ಒಳಬರದಂತೆ ಮಾಡಿದ ಕಬ್ಬಿಣದ ಜಾಲವು ಬೆಂಕಿ ಬಿದ್ದಾಗ ಒಳಗಿನವನು ಹೊರಹೋಗದಂತೆಯೂ ಮಾಡಬಲ್ಲುದು. ರಾತ್ರಿ ಒಳಗಡೆಯಿಂದ ಹಾಕುವ ಬೀಗದ ಕೈಯು ಮನೆಯ ಮಕ್ಕಳಿಗೂ ವೃದ್ಧರಿಗೂ ಕತ್ತಲೆಯಲ್ಲಿ ಸಿಗುವಂತಿರಬೇಕು. ಕಿಟಕಿಗಳಲ್ಲಿ ಒಂದಾದರೂ ಒಳಗಿನಿಂದ ತೆರೆಯತಕ್ಕದ್ದಾಗಿರಬೇಕು. ಸೊತ್ತನ್ನು ಕಾಯಲು ಹೋಗಿ ಪ್ರಾಣವನ್ನು ಒತ್ತೆಯಿಡುವುದು ವಿವೇಕವಲ್ಲ.

ಸಂದೇಹವು ಬೀಗವಲ್ಲ

ತಮ್ಮ ಮನೆ ಎಲ್ಲಿ ದುರ್ಬಲವಾಗಿದೆಯೆಂಬುದನ್ನು ಅರಿಯದವರು ರಕ್ಷಣೆಯನ್ನು ಇನ್ನೊಂದು ಕಡೆ ಹುಡುಕುವರು. ಪಾತ್ರೆ ತೊಳೆಯುವ ಹೆಂಗಸು, ಹಾಲು ತರುವ ಹುಡುಗ, ಊರಾಚೆ ಗುಡಾರ ಹಾಕಿದ ಅಲೆಮಾರಿಗಳು, ಇವರ ಮೇಲೆ ಕಣ್ಣಿಟ್ಟರೆ ಮನೆ ಭದ್ರವಾಯಿತೆಂದು ತಿಳಿಯುವರು. ಇದೇ ಮನೋಭಾವವು ಒಂದು ಕಾಲದಲ್ಲಿ ಕಾನೂನಿನ ರೂಪವನ್ನೇ ತಳೆದಿತ್ತು. ೧೮೭೧ರ ‘ಅಪರಾಧಿ ಬುಡಕಟ್ಟುಗಳ ಕಾಯಿದೆ’ಯು ಇಡೀ ಜನಾಂಗಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ದಾಖಲುಮಾಡಲು ಅವಕಾಶ ಕೊಟ್ಟಿತು. ಸ್ವತಂತ್ರ ಭಾರತವು ಅದನ್ನು ೧೯೫೨ರಲ್ಲಿ ರದ್ದುಗೊಳಿಸಿತು. ಆ ಜನರು ಅಂದಿನಿಂದ ವಿಮುಕ್ತರೆನಿಸಿದರು. ಕಾನೂನು ಹೋದರೂ ಸಂದೇಹದ ಅಭ್ಯಾಸವು ಪೂರ್ತಿಯಾಗಿ ಹೋಗಿಲ್ಲ. ವಿಜ್ಞಾನದೃಷ್ಟಿಯಿಂದ ನೋಡಿದರೆ ಇದರಷ್ಟು ನಿಷ್ಫಲವಾದ ಬೀಗ ಇನ್ನೊಂದಿಲ್ಲ. ಸಡಿಲವಾದ ಕೊಂಡಿಯು ನಿರಪರಾಧಿಯನ್ನು ದೂಷಿಸಿದ ಮಾತ್ರಕ್ಕೆ ಬಿಗಿಯಾಗುವುದಿಲ್ಲ. ಮನೆಯ ದೋಷವನ್ನು ತಿಳಿದವನು ಅದನ್ನು ಸರಿಪಡಿಸುವನು. ತಿಳಿಯದವನು ಬಡವನ ಮುಖವನ್ನು ದಿಟ್ಟಿಸುವನು.

ಆಕ್ಷೇಪಣೆಗಳು ಮತ್ತು ಒಂದು ಸಲಹೆ

ವಿದ್ಯಾರ್ಥಿಗಳಿಗೆ ಇದನ್ನೆಲ್ಲ ಕಲಿಸಿದರೆ ಅವರಲ್ಲಿ ಒಬ್ಬನಾದರೂ ದುರುಪಯೋಗ ಮಾಡಿಕೊಳ್ಳಲಾರನೆ ಎಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ಇದೇ ಪ್ರಶ್ನೆಯನ್ನು ರಸಾಯನಶಾಸ್ತ್ರದ ಬಗ್ಗೆಯೂ ವಿದ್ಯುಚ್ಛಾಸ್ತ್ರದ ಬಗ್ಗೆಯೂ ಕೇಳಬಹುದು. ಆಮ್ಲವನ್ನು ಕೈಗೆ ಕೊಡುವಾಗ ಅದರೊಡನೆ ನಿಯಮವನ್ನೂ ಕೊಡುತ್ತೇವೆ. ಇಲ್ಲಿಯೂ ಹಾಗೆಯೇ ಮಾಡಬೇಕು. ತನ್ನದಲ್ಲದ ಬೀಗವನ್ನು, ಅದು ಸಹಪಾಠಿಯ ಪೆಟ್ಟಿಗೆಯದೇ ಆಗಿರಲಿ, ಒಡೆಯನ ಒಪ್ಪಿಗೆಯಿಲ್ಲದೆ ಮು�ಟ್ಟಬಾರದು. ಒಬ್ಬ ತಯಾರಕನ ಒಂದು ಮಾದರಿಯಲ್ಲಿ ಹೊಸ ದೋಷ ಕಂಡುಬಂದರೆ ಮೊದಲು ಅವನಿಗೆ ತಿಳಿಸಿ, ತಿದ್ದಿಕೊಳ್ಳಲು ತಕ್ಕಷ್ಟು ಕಾಲ ಕೊಟ್ಟು, ಅನಂತರ ಪ್ರಕಟಿಸಬೇಕು. ಗಣಕವಿಜ್ಞಾನಿಗಳಲ್ಲಿ ಈ ಸಂಪ್ರದಾಯ ಆಗಲೇ ಬೆಳೆದುಬಂದಿದೆ. ಈ ಲೇಖನದಲ್ಲಿಯೂ ತತ್ತ್ವವನ್ನು ಹೇಳಿದೆಯೇ ಹೊರತು ಕೈಚಳಕವನ್ನು ಕಲಿಸಿಲ್ಲ.

ನಮ್ಮ ದೇಶದಲ್ಲಿ ಬೀಗದ ಕಸುಬಿಗೆ ಕೊರತೆಯಿಲ್ಲ. ಅಲಿಗಢದ ಬೀಗಗಳು ಹೆಸರಾದುವು. ದಿಂಡಿಗಲ್ಲಿನ ಬೀಗಗಳಿಗೆ ೨೦೧೯ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಮುಂಬಯಿಯಲ್ಲಿ ಆರ್ದೇಶಿರ್ ಗೋದ್ರೆಜ್ ೧೮೯೭ರಲ್ಲಿಯೇ ಬೀಗಗಳ ತಯಾರಿಕೆಯನ್ನಾರಂಭಿಸಿದರು. ಕೊರತೆಯಿರುವುದು ಪ್ರಶ್ನೆ ಕೇಳುವ ಗಿರಾಕಿಗಳಿಗೆ. ಇದರಲ್ಲಿ ಎಷ್ಟು ಪಿನ್ನುಗಳಿವೆ? ಎಷ್ಟು ಬಗೆಯ ಕೈಗಳುಂಟು? ಇದನ್ನು ಯಾರು, ಹೇಗೆ ಪರೀಕ್ಷಿಸಿದ್ದಾರೆ? ಹತ್ತು ಮಂದಿ ಕೇಳಿದರೆ ಅಂಗಡಿಯವನು ತಯಾರಕನನ್ನು ಕೇಳುವನು. ಹತ್ತು ಅಂಗಡಿಯವರು ಕೇಳಿದರೆ ತಯಾರಕನು ಉತ್ತರ ಹುಡುಕುವನು.

ಪ್ರೌಢಶಾಲೆಗಳ ಪ್ರಯೋಗಶಾಲೆಯಲ್ಲಿ ಕಪ್ಪೆಯ ಚಿತ್ರಪಟವೂ ಹಬೆಯಂತ್ರದ ಮಾದರಿಯೂ ಇರುವಂತೆ, ಒಂದು ಪಕ್ಕದಲ್ಲಿ ಗರಗಸದಿಂದ ಸೀಳಿ ಒಳಗನ್ನು ತೋರುವಂತೆ ಮಾಡಿದ ಹಳೆಯ ಪಿನ್ನುಬೀಗವೊಂದು ಇರಲಿ ಎಂಬುದು ಈ ಲೇಖಕನ ಸಲಹೆ. ಗುಜರಿ ಅಂಗಡಿಯಲ್ಲಿ ಅದು ಅಗ್ಗವಾಗಿ ದೊರೆಯುತ್ತದೆ. ಸನ್ನೆ, ಸ್ಪ್ರಿಂಗು, ಘರ್ಷಣೆ, ಅಳತೆಯ ನಿಖರತೆ, ಗುಣಾಕಾರ, ಇಷ್ಟು ಪಾಠಗಳು ಆ ಒಂದು ಹಿಡಿಯಷ್ಟು ಹಿತ್ತಾಳೆಯಲ್ಲಿ ಅಡಗಿವೆ. ಅದನ್ನು ನೋಡಿದ ವಿದ್ಯಾರ್ಥಿಯು ಸಂಜೆ ಮನೆಗೆ ಹೋಗಿ ತನ್ನ ಮನೆಯ ಕೊಂಡಿಯ ಮೊಳೆಯನ್ನು ತಾನೇ ಪರೀಕ್ಷಿಸಿದರೆ ಆ ಪಾಠ ಸಾರ್ಥಕವಾಯಿತೆನ್ನಬಹುದು. ಬೀಗದ ಕೈ ಅವರವರ ಗುಟ್ಟಾಗಿರಲಿ. ಬೀಗದ ವಿದ್ಯೆ ಎಲ್ಲರ ಸೊತ್ತಾಗಲಿ.